ಎದುರಿನ ಕುರ್ಚಿ

ಗೇಟಿನ ಮುಂದೆ ಬೈಕು ನಿಲ್ಲಿಸಿ ಹೆಲ್ಮೆಟ್ ತೆಗೆದ ಕೃಷ್ಣಕುಮಾರ ಕನ್ನಡಿಗೆ ಬಾಗಿ ಮೊದಲು ಕೂದಲು ಸರಿಮಾಡಿಕೊಂಡ, ಆಮೇಲೆ ಮುಖ ಸರಿಮಾಡಿಕೊಳ್ಳಲು ಹೊರಟ. ಕೂದಲಿಗೆ ಬಾಚಣಿಗೆ ಇತ್ತು. ಮುಖಕ್ಕೆ ಏನೂ ಇರಲಿಲ್ಲ. ಏನೂ ನಡೆದೇ ಇಲ್ಲವೆನ್ನುವವನ ಮುಖವೊಂದು ಅವನಿಗೆ ಈಗ ಬೇಕಾಗಿತ್ತು, ಅದೊಂದು ಮಾತ್ರ ಬರುತ್ತಿರಲಿಲ್ಲ. ಬೇರೆ ಯಾರದ್ದು ಬೇಕಾದರೂ ಬರುತ್ತಿತ್ತು. ಗಂಟಲಲ್ಲಿ ಕಫ ಉಳಿಸಿಕೊಂಡೇ ಇಂಗ್ಲಿಷ್ ಮಾತಾಡುವ ತಾಂಡ್ಯದ ಕಾರ್ಖಾನೆಯ ಜನರಲ್ ಮ್ಯಾನೇಜರು, ಚಿಲ್ಲರೆ ಎಂದ ಕೂಡಲೇ ಕಿವುಡಾಗುವ ನಂಜನಗೂಡು ಡಿಪೋದ ಕಂಡಕ್ಟರು, ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ರಸವಿಲ್ಲದೆ ಕಲಿಸಿದ ಮೇಷ್ಟ್ರು, ಎಲ್ಲರೂ ಕರೆದರೆ ಬಂದು ಮುಖದ ಮೇಲೆ ಕೂರುವವರೇ. ಕೊನೆಗೆ ಕರೆಯದೆಯೇ ಒಬ್ಬರು ಬಂದರು. ಬಾಯಿಯ ಬಲಗಡೆಯ ಕೊನೆ ಕೆಳಕ್ಕೆ ಜಾರಿತು, ಬಲಗಣ್ಣಿನ ರೆಪ್ಪೆ ಅರ್ಧ ಇಳಿಯಿತು, ಉಳಿದರ್ಧ ಮುಖ ಈ ಅರ್ಧವನ್ನು ಗಮನಿಸದವರ ಹಾಗೆ ನೆಟ್ಟಗೆ ನಿಂತಿತು. ಒಳಗೆ ಕುರ್ಚಿಯಲ್ಲಿ ಅವನಿಗಾಗಿ ಕಾಯುತ್ತಿದ್ದ ರಾಜೇಂದ್ರ ಸಾರ್. ಕನ್ನಡಿ ಸ್ವಲ್ಪ ತಿರುಗಿಸಿ ನೋಡಿದ. ಚೆನ್ನಾಗಿಯೇ ಬಂದಿತ್ತು. ಚೆನ್ನಾಗಿ ಬಂದಿದ್ದೇ ತಪ್ಪಾಗಿದೆ ಎಂದು ನೆನಪಾಗಿ ಅಂಗೈಯಿಂದ ಮುಖ ಒರೆಸಿಕೊಂಡ.

ಗುರುವಾರ ಮಧ್ಯಾಹ್ನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅನ್ನಕ್ಕೆ ತಡವಾಗಿತ್ತು, ಅಷ್ಟೇ. ಸಾಂಬಾರು ಬಂದು ಅನ್ನ ಬರದೆ ಜನ ತಟ್ಟೆ ಬಡಿಯುತ್ತಿದ್ದಾಗ ಪ್ಯಾಕಿಂಗಿನ ಮಹಾದೇವಸ್ವಾಮಿ, "ಸಾ, ಏನಾದ್ರೂ ಒಂದು ಮಿಮಿಕ್ರಿ ಬಿಡಿ ಸಾ," ಅಂದ. ಕೃಷ್ಣಕುಮಾರ ಬಿಟ್ಟ. ಯಾರದ್ದೆಂದು ಹೇಳುವ ಅಗತ್ಯವೇ ಬರಲಿಲ್ಲ; ಪಾರ್ಶ್ವವಾಯು ಹೊಡೆದು ಮನೆ ಸೇರುವವರೆಗೆ ರಾಜೇಂದ್ರ ಅವರೆಲ್ಲರ ಶಿಫ್ಟ್ ಇನ್‌ಚಾರ್ಜ್ ಆಗಿದ್ದವರು. ಈಗ ಅವರ ಬಾಯಲ್ಲಿ ರಕಾರ ಆಗಾಗ ಲಕಾರದ ಕಡೆ ಜಾರುತ್ತದೆ. ಇಸ್ಪೀಟಿನಲ್ಲಿ ಪಣ ಏರಿಸುವಾಗ 'ರೇಸ್' ಎನ್ನಲು ಹೋದರೆ 'ಲೇಸ್' ಎಂದಾಗುತ್ತದೆ. "ಸಾರು ಈಗ ಏನು ಮಾಡಿದ್ರೂ ಲೇಸೇ!" ಎಂದು ಕೃಷ್ಣಕುಮಾರ ಜಾರಿದ ಬಾಯಲ್ಲೇ ಹೇಳಿದಾಗ ಕ್ಯಾಂಟೀನು ಮೇಲೆದ್ದು ನಕ್ಕಿತು. ಅಂಥ ನಗು ಅವನಿಗೆ ಬಿ.ಎಸ್ಸಿ. ಕೊನೆ ವರ್ಷದ ಕಾಲೇಜ್ ಡೇ ಆದಮೇಲೆ ಬಿದ್ದಿರಲಿಲ್ಲ. ನಗು ಇನ್ನೂ ಕಿವಿಯಲ್ಲಿರುವಾಗಲೇ ಮಹಾದೇವಸ್ವಾಮಿಯ ಕೈಯಲ್ಲಿ ಫೋನು ಕಂಡಿತು. ಸಂಜೆ ಆ ವಿಡಿಯೋ ಕಾರ್ಖಾನೆಯ ಹಳಬರು ಹೊಸಬರು ಎಲ್ಲರೂ ಇದ್ದ ವಾಟ್ಸಾಪ್ ಗುಂಪಿನಲ್ಲಿತ್ತು. "ಅಯ್ಯೋ ಸಾ, ಗ್ರೂಪ್ ತಪ್ಪೋಯ್ತು. ಡಿಲೀಟ್ ಹೊಡ್ದಿವ್ನಿ, ಎಲ್ರಿಗೂ ಓಯ್ತದೆ. ತಲೆ ಕೆಡಿಸ್ಕಬೇಡಿ." ಎಲ್ಲರಿಗೂ ಹೋಯಿತು, ನಿಜ. ಹೋಗುವ ಮೊದಲು ಯಾರ್ಯಾರಿಗೆ ಬಂದಿತ್ತು ಎನ್ನುವುದು ಮಾತ್ರ ಗೊತ್ತಾಗುವ ಹಾಗಿರಲಿಲ್ಲ. ರಾಜೇಂದ್ರ ಆ ಗುಂಪಿನಲ್ಲಿದ್ದರು. ದಿನವೂ ಬೆಳಿಗ್ಗೆ ಹೂವಿನ ಚಿತ್ರ ಹಾಕುತ್ತಿದ್ದವರು ಶುಕ್ರವಾರ ಹಾಕಲಿಲ್ಲ. ಶನಿವಾರ ಹಾಕಿದರು. ಹಾಗಾದರೆ ನೋಡಿದ್ದಾರೋ ಇಲ್ಲವೋ? ನಂಜನಗೂಡಿನಿಂದ ಸುತ್ತೂರಿನ ಮೇಲೆ ಟಿ. ನರಸೀಪುರದವರೆಗೆ ಬೈಕಿನಲ್ಲಿ ಬರುತ್ತಾ ಅವನು ಯೋಚಿಸಿದ್ದು ಇದೊಂದನ್ನೇ. ನೋಡಿದ್ದರೆ ಈ ಭಾನುವಾರವೇ ಕೊನೆಯ ಭಾನುವಾರ.

ಬಾಗಿಲು ತೆಗೆದವಳು ಅವರ ಮಗಳು ಕವನ. "ಬನ್ನಿ ಸರ್," ಅಂದಳು.

ಎಂದಿನ ಮಾತು "ಬನ್ನಿ ಕುಮಾರಣ್ಣ". ಅವನು ಚಪ್ಪಲಿ ಬಿಡುತ್ತಾ ಆ 'ಸರ್' ಅನ್ನು ಎತ್ತಿ ಹಿಂದುಮುಂದು ತಿರುಗಿಸಿ ನೋಡಿದ. ಅವಳು ತಾಲ್ಲೂಕು ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ, ದಿನವಿಡೀ ಸರ್ ಸರ್ ಎಂದು ಬಾಯಿಗೆ ರೂಢಿಯಾಗಿ ಬಂದಿರಬಹುದು. ಇವತ್ತು ಭಾನುವಾರ. ಹಾಗಾದರೆ ರೂಢಿಯಲ್ಲ. ಕವನ ಎಂದು ಹೆಸರಿಟ್ಟ ಹುಡುಗಿ ಇಷ್ಟು ಗದ್ಯವಾಗಿ ಮಾತಾಡಬಾರದು ಎಂದು ಹಿಂದೊಮ್ಮೆ ಚುಡಾಯಿಸಿದ್ದ, ಅವಳು ನಕ್ಕಿದ್ದಳು. ಈಗ ಅದನ್ನು ಇನ್ನೊಮ್ಮೆ ಹೇಳಿ ಅವಳು ನಗುತ್ತಾಳೋ ಇಲ್ಲವೋ ನೋಡಬಹುದಿತ್ತು. ಹೇಳುವ ಹೊತ್ತಿಗೆ ಅವಳು ಒಳಗೆ ಹೋಗಿದ್ದಳು. ಕಾಫಿ ಬಂತು. ಸಕ್ಕರೆ ಸರಿಯಾಗಿತ್ತು. ಸಕ್ಕರೆಯಿಂದ ಏನೂ ತಿಳಿಯಲಿಲ್ಲ.

"ಏನ್ಲಾ ಕುಮಾರ, ಗೇಟ್ ತಾವೇ ಬಾಳ ಒತ್ತಾಯ್ತು?" ಎಂದರು ರಾಜೇಂದ್ರ.

"ಫೋನ್ ಬಂದಿತ್ತು ಸಾ."

"ಊಂ," ಎಂದು ಅವರು ಬಲಗೈಯಿಂದ ಇಸ್ಪೀಟಿನ ಎಲೆ ಕಲೆಸತೊಡಗಿದರು. ಎಡಗೈ ಮೇಜಿನ ಮೇಲೆ ಯಾರೋ ಇಟ್ಟು ಮರೆತು ಹೋದ ವಸ್ತುವಿನಂತೆ ಬಿದ್ದಿತ್ತು. ಅದರ ಪಕ್ಕದಲ್ಲಿ ಹುಣಸೆಬೀಜದ ಎರಡು ಬಟ್ಟಲು. ಎಲ್ಲ ಶುರುವಾದದ್ದು ಈ ಬೀಜಗಳಿಂದಲೇ. ಸಣ್ಣ ಸಣ್ಣ ವಸ್ತುಗಳನ್ನು ಎಡಗೈಯಿಂದ ಎತ್ತಿಡಿಸಿ ಎಂದು ಡಾಕ್ಟರು ಹೇಳಿದ್ದರು. ದಿನವೂ ಬೀಜ ಎತ್ತಿಟ್ಟು ಎತ್ತಿಟ್ಟು ರಾಜೇಂದ್ರರಿಗೆ ರೋಸಿಹೋಗಿತ್ತು. ಕೃಷ್ಣಕುಮಾರ ನಂಜನಗೂಡಿನಿಂದ ರಸಬಾಳೆಯ ಕಂದೊಂದನ್ನು ಗೋಣಿಯಲ್ಲಿ ಸುತ್ತಿಕೊಂಡು ನೋಡಲು ಬಂದಿದ್ದ. ಫೋನಿನಲ್ಲಿ ಆಡುತ್ತಿದ್ದ ಪೋಕರು ಹೊಸ ಕಾನೂನಿನಿಂದ ಮುಚ್ಚಿಹೋಗಿ ಅವನ ಕೈಯೂ ಕಡಿಯುತ್ತಿತ್ತು. ಬೀಜವನ್ನೇ ಪಣ ಮಾಡಿ ಆಡೋಣ ಸಾ, ಕೈಗೆ ವ್ಯಾಯಾಮ ಆಗ್ತದೆ ಎಂದ. ಇಬ್ಬರಿಗೂ ಎರಡೆರಡು ಎಲೆ ಕವುಚಿ. ನಡುವೆ ಐದು ಎಲೆ ಇಬ್ಬರಿಗೂ ಕಾಣುವಂತೆ, ಮೊದಲು ಮೂರು, ಆಮೇಲೆ ಒಂದು, ಕಡೆಗೊಂದು. ಒಳ್ಳೆಯ ಜೋಡಿ ಕಟ್ಟಿದವನು ಗೆದ್ದ. ಇಲ್ಲವೇ ಕಟ್ಟಿದವನ ಹಾಗೆ ನಟಿಸಿ ಎದುರಿನವನು ಎಲೆ ಮಡಿಸುವಂತೆ ಮಾಡಿದವನು ಗೆದ್ದ. ಕಡೆಯ ಎಲೆಗೆ ಇಂಗ್ಲಿಷಿನಲ್ಲಿ ರಿವರ್ ಎನ್ನುತ್ತಾರೆ ಎಂದಾಗ ರಾಜೇಂದ್ರ, "ಎರಡೆರಡು ಒಳೆ ಇಟ್ಕೊಂಡು ನಾವ್ಯಾಕ್ಲಾ ರಿವರ್ ಅನ್ನಣ?" ಎಂದು ಅದಕ್ಕೆ ಹೊಳೆ ಎಂದೇ ಹೆಸರಿಟ್ಟರು. ಇಬ್ಬರೇ ಆಡುವ ಈ ಆಟಕ್ಕೆ ಎದುರುಬದುರು ಎಂದರು. ಬಾಳೆಯ ಕಂದು ಹಿತ್ತಿಲಲ್ಲಿ ಮರಿ ಹಾಕಿತು, ಭಾನುವಾರದ ಊಟ ಅದರ ಎಲೆಯ ಮೇಲೆ ಎಂದಾಯಿತು. ಅಷ್ಟರೊಳಗೆ ಶಿಷ್ಯರಾದ ರಾಜೇಂದ್ರ ಗುರುವನ್ನು ಸೋಲಿಸಲು ಶುರುಮಾಡಿ, ನಿಲ್ಲಿಸುವುದನ್ನು ಮರೆತಿದ್ದರು.

ಅವನು ಎಲೆಯ ಮೂಲೆ ಎತ್ತಿ ನೋಡಿದ. ಒಂಬತ್ತು, ನಾಲ್ಕು. ಮಡಿಸಿದ. ಮುಂದಿನ ಸಲ ಗುಲಾಮ, ಐದು. ಅದನ್ನೂ ಮಡಿಸಿದ. ಹೀಗೆ ಮಡಿಸಬಾರದೆಂದು ಅವನಿಗೆ ಗೊತ್ತಿತ್ತು. ಆಟ ಸುಧಾರಿಸಿಕೊಳ್ಳಲು ಫೋನಿನಲ್ಲಿ ಎಷ್ಟೋ ಪಾಠ ನೋಡಿದ್ದ. ಮೇಜಿನ ತುಂಬ ಜನರಿದ್ದರೆ ಒಳ್ಳೆಯ ಎಲೆಗೆ ಕಾದು ಕೂರಬಹುದು, ಇಬ್ಬರೇ ಇದ್ದಾಗ ಕಾಯುವವನ ಬೀಜ ಕಾಯುತ್ತಿರುವಾಗಲೇ ಕರಗುತ್ತದೆ. ಇಬ್ಬರೇ ಇದ್ದಾಗ ಹೆಚ್ಚಿನ ಸಲ ಇಬ್ಬರ ಕೈಯಲ್ಲೂ ಏನೂ ಇರುವುದಿಲ್ಲ, ಆದ್ದರಿಂದ ಎಲೆ ಬಿಟ್ಟು ಎದುರಿನ ಆಳನ್ನು ಓದು. ಆಳನ್ನು ಓದುವುದು ಎಂದಾಗ ಅವನು ಮೀಸೆಯಲ್ಲೇ ನಕ್ಕಿದ್ದ. ಅದೊಂದು ತನ್ನ ಕಸುಬು. ಯಾರ ಹುಬ್ಬು ಯಾವಾಗ ಏರುತ್ತದೆ, ಯಾರು ಸುಳ್ಳಿಗೆ ಮೊದಲು ಉಗುಳು ನುಂಗುತ್ತಾರೆ, ಅವನಿಗೆ ಬಾಯಿಪಾಠ. ಆದರೆ ರಾಜೇಂದ್ರರ ಮುಖದ ಒಂದು ಅರ್ಧ ಏನನ್ನೂ ಹೇಳುತ್ತಿರಲಿಲ್ಲ, ಇನ್ನೊಂದು ಅರ್ಧ ಅದಕ್ಕೆ ಜೊತೆಯಾಗಿ ಸುಮ್ಮನಿರಲು ಕಲಿತಿತ್ತು. ಬೀಜವನ್ನು ಎಡಗೈಯಿಂದಲೇ ಮುಂದೆ ತಳ್ಳುತ್ತಿದ್ದರು, ಎಲೆ ಒಳ್ಳೆಯದಿದ್ದರೂ ನಿಧಾನ, ಕೆಟ್ಟದಿದ್ದರೂ ನಿಧಾನ. ಓದಲು ಬಾರದ ಪುಸ್ತಕವನ್ನು ಕಾಪಿ ಮಾಡಿಯಾದರೂ ತಿಳಿಯಬಹುದೆಂದು ಅವನು ಮನೆಯ ಬಚ್ಚಲಿನ ಕನ್ನಡಿ ಮುಂದೆ ಬಾಯಿ ಜಾರಿಸಿ, ರೆಪ್ಪೆ ಇಳಿಸಿ ನಿಲ್ಲತೊಡಗಿದ. ಆ ಮುಖ ತೊಟ್ಟರೆ ಆ ಮುಖದ ಹಿಂದಿನ ಯೋಚನೆ ಬರುತ್ತದೆ ಎನ್ನುವುದು ಅವನ ಲೆಕ್ಕ. ಹೊರಗಿನಿಂದ ಹೆಂಡತಿ ಹೇಮಲತಾ, "ಇವತ್ತು ಒಳಗೆ ಯಾರಿದ್ದಾರೆ? ಬೇಗ ಆಚೆಗೆ ಕಳಿಸಿ, ನಾನು ಸ್ನಾನ ಮಾಡ್ಬೇಕು," ಎನ್ನುತ್ತಿದ್ದಳು. ಯೋಚನೆ ಯಾವುದೂ ಬರಲಿಲ್ಲ. ಮುಖ ಮಾತ್ರ ಬಂತು. ಬಂದದ್ದು ಬಚ್ಚಲಲ್ಲೇ ಉಳಿಯಲಿಲ್ಲ, ಅಷ್ಟೇ ನಡೆದದ್ದು ಎಂದು ಯಾರಿಗಾದರೂ ಹೇಳಬೇಕೆನಿಸಿತು. ನಿಮ್ಮನ್ನು ಗೆಲ್ಲಲು ಕಲಿತದ್ದು ಸಾ, ಆಡಿಕೊಳ್ಳಲು ಅಲ್ಲ. ಮನಸ್ಸಿನಲ್ಲೇ ಹೇಳಿ ನೋಡಿದ. ಕ್ಯಾಂಟೀನಿನ ನಗು ಮೇಲೆದ್ದಾಗ ಎದೆಯಲ್ಲಿ ತುಂಬಿಕೊಂಡ ಬಿಸಿ ಆ ವಾಕ್ಯದೊಳಗೆ ಎಲ್ಲಿಯೂ ಹಿಡಿಸಲಿಲ್ಲ.

"ಏನ್ಲಾ, ಇವತ್ತು ಬಲೇ ಮಡಿವಂತನಾಗಿದ್ದೀಯ," ಎಂದರು ರಾಜೇಂದ್ರ. "ಎಲೆ ಬೀಳ್ತಿದ್ದಂಗೆ ಮಡಿಸ್ತೀಯ. ಊಟ ಸೇರ್ತಿಲ್ವಾ?"

ಸೇರುತ್ತಿಲ್ಲವಾ ಎಂದರೆ? ಬರೀ ಆಟದ ಮಾತೋ, ಈ ಮನೆಯಲ್ಲಿ ಕೂರಲು ಮುಜುಗರವೋ ಎಂದು ಕೇಳಿದ್ದೋ? ಮುಖ ನೋಡಿದ. ಮುಖ ಎಂದಿನ ಹಾಗೆ ಅರ್ಧಕ್ಕೆ ಮುಚ್ಚಿತ್ತು. ಸರಿ, ಮಡಿಸುವುದಿಲ್ಲ ಎಂದುಕೊಂಡು ಮುಂದಿನ ಎಲೆಗೆ ಏನೂ ಇಲ್ಲದೆಯೇ ಒಂದು ಹಿಡಿ ಬೀಜ ಮುಂದೆ ತಳ್ಳಿ ಜನರಲ್ ಮ್ಯಾನೇಜರ ಕಫದ ದನಿಯಲ್ಲಿ, "ಮಿಸ್ಟರ್ ರಾಜೇಂದ್ರ, ಟಾರ್ಗೆಟ್ ಜಾಸ್ತಿ ಮಾಡಿದೀನಿ, ಡೂ ಸಂಥಿಂಗ್," ಎಂದ. ಈ ದನಿಗೆ ಅವರು ಯಾವಾಗಲೂ ನಗುತ್ತಿದ್ದರು. ಈಗಲೂ ಬಾಯಿಯ ಒಂದು ಕೊನೆ ಎದ್ದಿತು. ನಗುತ್ತಲೇ ಎಡಗೈಯನ್ನು ಬೀಜದ ಹಿಂದೆ ತಂದು, ಬೆರಳನ್ನು ಒಂದೊಂದಾಗಿ ಮಡಿಸಿ, ಅಷ್ಟೇ ಬೀಜವನ್ನು ಮುಂದೆ ತಳ್ಳಿದರು.

"ಕಾಲ್."

ಅವನ ಬಳಿ ಏನೂ ಇರಲಿಲ್ಲ. ಅವರ ಬಳಿ ಬರೀ ಹತ್ತರ ಜೋಡಿ. ಬೀಜ ಆ ಕಡೆ ಹೋಯಿತು.

"ಎಂಗೆ ಗೊತ್ತಾಗ್ತದೆ ಸಾ ನಿಮಗೆ? ಇಷ್ಟು ಚಿಕ್ಕ ಜೋಡೀಲಿ ಕಾಲ್ ಮಾಡ್ತೀರಲ್ಲ."

"ಏಳ್ಬಿಡ್ಲಾ? ಏಳ್ಬಿಟ್ರೆ ನಂಗೇ ಲಾಸು." ಅವರು ಸ್ವಲ್ಪ ಹೊತ್ತು ಬೀಜ ಜೋಡಿಸಿದರು. "ಓಗ್ಲಿ ಕಲ್ಸಿದ್ದು ನೀನೇ ತಾನೆ, ಕೇಳು. ನಿನ್ ತಾವ ಎಲೆ ಇದ್ರೆ ನೀನು ನಿನ್ನಂಗೆ ಮಾತಾಡ್ತೀಯ. ಇಲ್ದೆ ಇದ್ರೆ ಯಾರ್ನಾದ್ರೂ ಕರ್ಕೊಂಡ್ ಬತ್ತೀಯ. ಜಿ.ಎಂ. ಬಂದ ಅಂದ್ರೆ ಎಲೆ ಇಲ್ಲ. ಕಂಡಕ್ಟರ್ ಬಂದ ಅಂದ್ರೆ ಎಲೆನೂ ಇಲ್ಲ, ದೈರ್ಯನೂ ಇಲ್ಲ."

ಕೃಷ್ಣಕುಮಾರ ನಕ್ಕ. ನಗು ಯಾರದ್ದೋ ಆಗಿ ಬಂತು, ಅರ್ಧಕ್ಕೆ ನಿಲ್ಲಿಸಿದ. ಇಷ್ಟು ತಿಂಗಳು ತಾನು ಅವರನ್ನು ಓದುತ್ತಿದ್ದೇನೆ ಎಂದುಕೊಂಡು ಜೋರಾಗಿ ಓದಿ ಹೇಳುತ್ತಿದ್ದುದು ತನ್ನನ್ನೇ. ಕಾಲೇಜಿನಲ್ಲಿ, ಇಂಟರ್‌ವ್ಯೂಗಳಲ್ಲಿ, ಮದುವೆ ಮಾತುಕತೆಯಲ್ಲಿ ಮಾವನ ಎದುರು, ಎಲ್ಲೆಲ್ಲಿ ಒಬ್ಬನೇ ನಿಲ್ಲಲು ಆಗಲಿಲ್ಲವೋ ಅಲ್ಲೆಲ್ಲ ಒಬ್ಬರನ್ನು ಕರೆದುಕೊಂಡು ಹೋಗಿದ್ದ. ಜನ ನಕ್ಕರು, ಪ್ರತಿಭೆ ಎಂದರು. ಅವನೂ ನಂಬಿದ್ದ. ಈಗ ಅರ್ಧ ಮುಖದ ಒಬ್ಬರು ಹುಣಸೆಬೀಜ ಜೋಡಿಸುತ್ತಾ ಅದನ್ನು ಭಯ ಎಂದು ಹೇಳಿ, ಮತ್ತೆ ಎಲೆ ಹಂಚುತ್ತಿದ್ದರು.

ಏಳು, ಎರಡು. ಪೋಕರಿನಲ್ಲಿ ಎಲ್ಲಕ್ಕಿಂತ ಕೆಟ್ಟದ್ದೆಂದು ಹೆಸರಾದ ಎಲೆಗಳು. ಮಡಿಸಲಿಲ್ಲ. ಮೂರೆಲೆ ಬಿತ್ತು: ಎಕ್ಕ, ಗುಲಾಮ, ಮೂರು. ಒಂದಷ್ಟು ಬೀಜ ತಳ್ಳಿದ, ಅವರು ಅಷ್ಟನ್ನು ತಳ್ಳಿದರು. ಎಂಟು ಬಿತ್ತು. ಇನ್ನಷ್ಟು ತಳ್ಳಿದ, ಅವರೂ ತಳ್ಳಿದರು. ಹೊಳೆಯಲ್ಲಿ ಆರು ಬಂತು. ಹೊಳೆ ಅವನಿಗೆ ಏನನ್ನೂ ತರಲಿಲ್ಲ. ಎಕ್ಕ ಇದ್ದವನ ಹಾಗೆ ಆಡಬೇಕು. ಎಕ್ಕ ಇದ್ದವನು ತನ್ನ ಹಾಗೆ ಮಾತಾಡುತ್ತಾನೆ ಎಂದು ಅವರೇ ಹೇಳಿಕೊಟ್ಟಿದ್ದಾರೆ. ಬಟ್ಟಲನ್ನು ಎರಡೂ ಕೈಯಿಂದ ಮುಂದೆ ಸರಿಸಿದ. ತನ್ನ ದನಿಯಲ್ಲಿ ಒಂದೇ ಒಂದು ಮಾತು ಹೇಳಿದರೆ ಸಾಕು. ತನ್ನ ದನಿ ಯಾವುದು? ಗಂಟಲೊಳಗೆ ಹುಡುಕಿದ. ರಸಾಯನಶಾಸ್ತ್ರದ ಮೇಷ್ಟ್ರು ಸಿಕ್ಕರು, ಪಕ್ಕಕ್ಕೆ ಸರಿಸಿದ. ಅತ್ತೆ ಸಿಕ್ಕರು. ಕೆಳಗೆಲ್ಲೋ ಬೆಳಿಗ್ಗೆ ಎದ್ದ ಕೂಡಲೇ ಹೇಮಲತಾಳ ಹತ್ತಿರ ನೀರು ಕೇಳುವ, ಯಾರಿಗೂ ಕೇಳಿಸಲೆಂದು ಮಾಡಿರದ, ಸ್ವಲ್ಪ ಒಡೆದ ಒಂದು ದನಿ ಸಿಕ್ಕಿತು.

"ಎಲ್ಲಾ," ಎಂದ.

ರಾಜೇಂದ್ರ ತಮ್ಮ ಎಲೆ ನೋಡಿಕೊಳ್ಳಲಿಲ್ಲ. ಅವನನ್ನು ನೋಡಿದರು. ನೋಡುತ್ತಲೇ ಇದ್ದರು. ಒಳಗೆ ಒಗ್ಗರಣೆ ಸಿಡಿದು ತಣ್ಣಗಾಯಿತು.

"ಆ ವಿಡಿಯೋ ನೋಡ್ದೆ ಕಣ್ಲಾ," ಎಂದರು.

ಅವನು ಬಾಯಿ ತೆರೆದ. ಯಾರೂ ಬರಲಿಲ್ಲ.

"ಕವನ ನೋಡ್ಬಾರ್ದಿತ್ತು. ಫೋನು ಅವ್ಳ ಕೈಲಿತ್ತು."

"ನಗು ಬಂತಾ ಸಾ?" ಕೇಳಿದ ಮೇಲೆ ಇದೇನು ಕೇಳಿಬಿಟ್ಟೆ ಅನ್ನಿಸಿತು. ಕ್ಷಮಿಸಿ ಎಂದಿರಬೇಕಿತ್ತು, ಮೂರು ದಿನದಿಂದ ಅದನ್ನೇ ತಾಲೀಮು ಮಾಡಿದ್ದ.

"ಮೊದ್ಲು ಬಂತು. ಆಮೇಲೆ ಎಲ್ರೂ ನಗೋದು ಕೇಳಿಸ್ತಲ್ಲ. ಅದ್ರಲ್ಲಿ ಒಬ್ಬೊಬ್ರ ನಗುನೂ ನಂಗೆ ಗೊತ್ತು. ಇನ್ನೊಂದ್ಸಲ ನೋಡಕ್ಕೋಗ್ಲಿಲ್ಲ." ಬಲಗೈಯಿಂದ ಎಡಗೈಯನ್ನು ಎತ್ತಿ ಮೇಜಿನ ಅಂಚಿನಿಂದ ಒಳಕ್ಕೆ ಇಟ್ಟುಕೊಂಡರು. "ಮಾಡು, ನೋಡಣ. ಇಲ್ಲಿ ಮಾಡು."

"ಬೇಡ ಸಾ."

"ಅಷ್ಟು ಜನಕ್ಕೆ ಮಾಡಿದ್ದೀಯ. ನಂಗೊಬ್ನಿಗೆ ಆಗಲ್ವಾ?"

ಕೃಷ್ಣಕುಮಾರ ಮಾಡಿದ. ಬಾಯಿಯ ಬಲಗಡೆ ಜಾರಿಸಿದ, ಬಲ ರೆಪ್ಪೆ ಇಳಿಸಿದ. ಯಾರೂ ನಗದ ಕೋಣೆಯಲ್ಲಿ ಆ ಮುಖ ಹಿಡಿದುಕೊಂಡಿರುವುದು ತಲೆಯ ಮೇಲೆ ನೀರಿನ ಕೊಡ ಹೊತ್ತುಕೊಂಡು ನಿಂತಷ್ಟು ಭಾರವಾಗಿತ್ತು. ಅಡುಗೆಮನೆಯ ಬಾಗಿಲಲ್ಲಿ ಕವನ ಬಂದು ನಿಂತದ್ದು ಇಳಿದ ರೆಪ್ಪೆಯ ಸಂದಿಯಿಂದ ಕಂಡಿತು. ಆಗಲೂ ಬಿಡಲಿಲ್ಲ. ಬಿಡು ಎನ್ನಬೇಕಾದವರು ಅವರು.

ರಾಜೇಂದ್ರ ಮುಂದೆ ಬಾಗಿ, ಸ್ಯಾಂಪಲ್ ಪರೀಕ್ಷೆ ಮಾಡುವವರ ಹಾಗೆ ಅವನ ಮುಖವನ್ನು ಪೂರ್ತಿ ನೋಡಿದರು. "ಆ ಕಡೆ ಅಲ್ಲ ಕಣ್ಲಾ," ಎಂದರು. "ನಂಗೆ ಬಿದ್ದಿರೋದು ಎಡಗಡೆ."

ಅವನ ಮುಖ ತಾನಾಗಿಯೇ ಕಳಚಿತು. ಎಡಗಡೆ. ಎಡಗೈ ಎನ್ನುತ್ತಿದ್ದ, ಎಡಗೈ ಬೀಜ ತಳ್ಳುವುದನ್ನು ತಿಂಗಳುಗಟ್ಟಲೆ ನೋಡಿದ್ದ, ಮುಖವೂ ಎಡಗಡೆಯೇ ಇರಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ. ಎದುರು ಕೂತವನಿಗೆ ಅದು ಬಲಗಡೆ ಕಂಡಿತ್ತು. ಕಂಡದ್ದನ್ನು ಕಂಡ ಕಡೆಗೇ ಅಂಟಿಸಿಕೊಂಡು ಬಚ್ಚಲ ಕನ್ನಡಿಯಲ್ಲಿ ಅದನ್ನೇ ತಿದ್ದಿದ್ದ. ಕ್ಯಾಂಟೀನಿಗೆ ಕ್ಯಾಂಟೀನೇ, ಅವರ ಕೈಕೆಳಗೆ ವರ್ಷಗಟ್ಟಲೆ ದುಡಿದವರು, ಒಬ್ಬರೂ ಇದನ್ನು ಗಮನಿಸಿರಲಿಲ್ಲ.

"ಕ್ವಾಲಿಟಿ ಕಂಟ್ರೋಲಲ್ಲಿ ಕೆಲ್ಸ ಮಾಡ್ತೀಯ, ಇದೊಂದು ಚೆಕ್ ಮಾಡ್ಲಿಲ್ವಲ್ಲೋ," ಎಂದರು ರಾಜೇಂದ್ರ. ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿಲ್ಲ ಎಂದು ತೋರಿಸುವ ಆತುರವೂ ಇರಲಿಲ್ಲ. ಕೋಲು ಹಿಡಿದು ಎದ್ದರು. "ಏಳು. ಈ ಕುರ್ಚೀಲಿ ಕೂತ್ಕೊ. ಎಲೆ ಅಲ್ಲೇ ಇರ್ಲಿ, ಮುಟ್ಬೇಡ."

ಅವರು ಮೇಜು ಸುತ್ತಿ ಬರುವಾಗ ಹಿಡಿದುಕೊಳ್ಳಲೆಂದು ಇವನ ಕೈ ಅರ್ಧ ಮುಂದೆ ಹೋಯಿತು, ಅರ್ಧದಲ್ಲೇ ಉಳಿಯಿತು. ಅವರು ಅದನ್ನು ದಾಟಿ ಬಂದು ಇವನ ಕುರ್ಚಿಯಲ್ಲಿ ಕೂತರು. ಇವನು ಹೋಗಿ ಅವರದ್ದರಲ್ಲಿ ಕೂತ. ಕುರ್ಚಿಯ ಬೆತ್ತದ ಹೆಣಿಗೆ ಎಡಗಡೆಗೆ ತಗ್ಗಿತ್ತು, ಮೈ ತಾನಾಗಿಯೇ ಆ ಕಡೆ ವಾಲಿತು.

"ಈಗ ನೀನು ನಾನು. ಕುಮಾರ ಎಲ್ಲಾ ಅಂದವ್ನೆ. ಏನ್ಮಾಡ್ತೀಯ?"

ಅವರ ಎಲೆ ನೋಡುವ ಮೊದಲು ಕತ್ತೆತ್ತಿದ. ಎದುರಿನ ಕಿಟಕಿ ಪೂರ್ತಿ ತೆರೆದಿತ್ತು. ಕಿಟಕಿಯ ಆಚೆ ಅಂಗಳ, ಅಂಗಳದಾಚೆ ಗೇಟು, ಗೇಟಿನಾಚೆ ಅವನ ಬೈಕು. ಬೈಕಿನ ಕನ್ನಡಿ ಅವನು ತಿರುಗಿಸಿ ಬಿಟ್ಟ ಹಾಗೆಯೇ ಇತ್ತು. ಪ್ರತಿ ಭಾನುವಾರ ಅವನು ಅಲ್ಲಿ ನಿಂತು ಕೂದಲು ಬಾಚಿ, ಮುಖ ಆರಿಸಿಕೊಂಡು ಒಳಗೆ ಬರುವುದು ಈ ಕುರ್ಚಿಗೆ ಸಿನಿಮಾದಷ್ಟು ಚೆನ್ನಾಗಿ ಕಾಣುತ್ತದೆ. ಇವತ್ತಿನದೂ ಕಂಡಿದೆ. ಅಲ್ಲೂ ಬಲಗಡೆಯೇ ಜಾರಿಸಿದ್ದ.

ಎಲೆಯ ಮೂಲೆ ಎತ್ತಿದ. ರಾಣಿ, ಮೂರು. ನಡುವಿನ ಮೂರಕ್ಕೆ ಸೇರಿದರೆ ಮೂರರ ಜೋಡಿ. ಎಕ್ಕಕ್ಕೆ ಹೆದರುವವನು ಮಡಿಸಬೇಕಾದ ಜೋಡಿ. ಮಡಿಸಿದರೆ ಎದುರು ಕುರ್ಚಿಯ ಏಳು ಎರಡನ್ನು ಯಾರೂ ತೆರೆದು ನೋಡಬೇಕಾಗಿಲ್ಲ. ಆಟದ ನಿಯಮವೇ ಅದು. ಬೀಜವೆಲ್ಲ ಅಲ್ಲಿ ಕೂತ ಕುಮಾರನಿಗೆ ಹೋಗುತ್ತದೆ, ಊಟದ ಹೊತ್ತಾಯಿತು ಎಂದು ಎದ್ದುಬಿಡಬಹುದು. ಎದುರಿನ ಕುರ್ಚಿಯನ್ನು ನೋಡಿದ. ಅಲ್ಲಿ ಕೂತಿದ್ದವರ ಬಾಯಿ ಎಡಗಡೆಗೆ ಜಾರಿತ್ತು. ಅವರ ಎಡಗಡೆ.

ಎಡಗೈಯನ್ನು ಬೀಜದ ರಾಶಿಯ ಹಿಂದೆ ತಂದು ಮುಂದೆ ತಳ್ಳಿದ. ಅಭ್ಯಾಸವಿಲ್ಲದ ಕೈ. ಕೆಲವು ಬೀಜ ಕೆಳಗೆ ಉರುಳಿದವು.

"ಕಾಲ್," ಎಂದ. ದನಿ ಒಡೆದೇ ಬಂತು.

ರಾಜೇಂದ್ರ ಅವನ ಎಲೆಗಳನ್ನು ತೆರೆದು, ಏಳನ್ನೂ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟರು. "ಥೂ ನಿನ್ನ, ಇದ್ರಲ್ಲಿ ಎಲ್ಲಾ ಅಂದ್ಯಾ? ನಾನು ಮಡಿಸವ್ನಿದ್ದೆ ಕಣ್ಲಾ. ಈ ಸಲ ನಂಬ್ಬಿಟ್ಟಿದ್ದೆ."

"ಹಂಗಾದ್ರೆ ಯಾರು ಗೆದ್ದಂಗಾಯ್ತು ಸಾ?"

"ತಡಿ, ಯೋಚ್ನೆ ಮಾಡ್ಬೇಕು." ಅವರ ಬಾಯಿಯ ಬಲಗೊನೆ ಎದ್ದಿತು, ಎಡಗೊನೆ ಏಳಲಿಲ್ಲ.

ಕೃಷ್ಣಕುಮಾರ ಬಾಗಿ ನೆಲದ ಬೀಜ ಆರಿಸತೊಡಗಿದ. ಮೇಜಿನ ಕೆಳಗಿನಿಂದ ಕವನಳ ಕಾಲುಗಳು ಕಂಡವು. ಅವನ ಹತ್ತಿರ ಬರದೆ ಅಪ್ಪ ಕೂತಿದ್ದ ಕುರ್ಚಿಯ ಪಕ್ಕ ಹೋಗಿ ನಿಂತವು.

"ಅಪ್ಪಾ, ಎಲೆ ಹಾಕ್ಲಾ?" ಎಂದಳು.

"ಹಾಕವ್ವ," ಎಂದರು ರಾಜೇಂದ್ರ. "ಇಬ್ರಿಗೂ. ಎದುರುಬದುರು."